ಮೊಣಕೈಗೆ ಛತ್ರಿ ಬಟ್ಟೆ

ಇದು ನಿಜವಾಗಿ ನಡೆದ ಕತೆ. ನಂಬದವರು ತಿಪಟೂರಿಗೆ ಬಂದು ಯಾವ ಟೀ ಅಂಗಡಿಯಲ್ಲಾದರೂ ಕೇಳಬಹುದು. ಅಲ್ಲಿರುವವರು ಇದನ್ನೇ ಇನ್ನೂ ಚೆನ್ನಾಗಿ, ಮೂರು ಸುಳ್ಳು ಸೇರಿಸಿ ಹೇಳುತ್ತಾರೆ. ನಾನು ಒಂದೇ ಒಂದು ಸೇರಿಸಿದ್ದೇನೆ. ಅದು ಯಾವುದೆಂದು ಹೇಳುವುದಿಲ್ಲ.

ಎಲ್ಲಕ್ಕೂ ಮೂಲ ಒಂದು ಹಂಡೆ ಬಿಸಿನೀರು.

ಎಂಬತ್ತೊಂದನೇ ಇಸವಿಯ ಫೆಬ್ರವರಿಯ ಒಂದು ಶನಿವಾರ, ಬೆಳಗ್ಗೆ ಏಳು ಗಂಟೆಗೆ ರೇವಣಸಿದ್ದಯ್ಯ ಏಣಿ ಹತ್ತಿ ತನ್ನ ಮನೆಯ ಅಟ್ಟದೊಳಕ್ಕೆ ತಲೆ ತೂರಿಸಿದ. ಅಟ್ಟದ ತುಂಬ ಕೊಬ್ಬರಿಯಾಗಲೆಂದು ಪೇರಿಸಿಟ್ಟ ಕಾಯಿಗಳು ಜಾತ್ರೆಗೆ ಬಂದ ಬೋಳುತಲೆಗಳಂತೆ ಒತ್ತೊತ್ತಾಗಿ ಕೂತಿದ್ದವು. ಅವುಗಳ ಮೇಲೆ ಒಂದು ಗಳ. ಗಳದ ಮೇಲೆ ಇರಬೇಕಾಗಿದ್ದ ಕರಿ ಕೋಟು ಇರಲಿಲ್ಲ.

"ಅವ್ವಾ! ನನ್ನ ಕೋಟೆಲ್ಲಿ?"

ಕೆಳಗೆ ರೊಟ್ಟಿ ತಟ್ಟುತ್ತಿದ್ದ ಶಿವರುದ್ರಮ್ಮ ಹೆಮ್ಮೆಯಿಂದ ಹೇಳಿದರು: "ಒಗೆದು ಹಾಕ್ದೆ ಕಣಪ್ಪ. ನೆನ್ನೆ ನೀನು ನಾಟಕದ ನೋಟೀಸು ಅಂಟ್ಸಕ್ಕೆ ತುರುವೇಕೆರೆಗೆ ಹೋಗಿದ್ಯಲ್ಲ, ಆಗ. ಒಂದು ಹಂಡೆ ಬಿಸಿನೀರು ಸಾಲ್ದೆ ಹೋಯ್ತು. ಏನು ಕೊಳೆ, ಏನು ಕೊಳೆ! ಮೂರು ಸಲ ಸೋಪು ಹಾಕ್ದೆ."

ರೇವಣಸಿದ್ದಯ್ಯ ಏಣಿಯ ಮೇಲೇ ಕೂತುಬಿಟ್ಟ.

ಅವನ ಸಂಕಟ ಅರ್ಥವಾಗಬೇಕಾದರೆ ಆ ಕೊಳೆಯ ಬಗ್ಗೆ ಎರಡು ಮಾತು ಹೇಳಬೇಕು. ಅದು ಅಂತಿಂಥ ಕೊಳೆಯಲ್ಲ, ಯೂನಿವರ್ಸಿಟಿಯ ಕೊಳೆ. ರೇವಣಸಿದ್ದಯ್ಯ ಓದುತ್ತಿದ್ದದ್ದು ನಾಟಕಕ್ಕೂ ಸಿನಿಮಾಕ್ಕೂ ಉಡುಪು ತಯಾರಿಸುವ ಡಿಪ್ಲೊಮ. ರಾಜನಿಗೆ ರಾಜನಂತೆ, ಭಿಕ್ಷುಕನಿಗೆ ಭಿಕ್ಷುಕನಂತೆ ಬಟ್ಟೆ ಹೊಲಿಯುವುದು ಅರ್ಧ ಓದು. ಹೊಸ ಬಟ್ಟೆಯನ್ನು ಹಳೆಯದು ಮಾಡುವುದು ಇನ್ನರ್ಧ. ಹೋದ ವರ್ಷ ಅವನು ಫೇಲಾದದ್ದು ಈ ಇನ್ನರ್ಧದಲ್ಲೇ. ಬಡ ರೈತನೊಬ್ಬನಿಗೆ ಅವನು ತಯಾರಿಸಿದ್ದ ಪಂಚೆಯನ್ನು ಗಿರಿಜಾಂಬಿಕಾ ಮೇಡಂ ಎರಡು ಬೆರಳಲ್ಲಿ ಎತ್ತಿಹಿಡಿದು, "ಈ ರೈತ ಹೊಲಕ್ಕೆ ಹೋಗ್ತಾನೋ, ಹೆಣ್ಣು ನೋಡೋಕೆ ಹೋಗ್ತಾನೋ?" ಎಂದು ಕೇಳಿ, ಕೆಂಪು ಪೆನ್ಸಿಲಿನಲ್ಲಿ ಇಪ್ಪತ್ತೊಂದು ಎಂದು ಬರೆದಿದ್ದರು. ಪಾಸಾಗಲು ಮೂವತ್ತೈದು ಬೇಕು.

ಅವನ ತಂದೆ ಏಕಾಂತಯ್ಯನವರಿಗೆ ಕೊಬ್ಬರಿ ವ್ಯಾಪಾರ. ಕಾಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ, ಒಳಗೆ ಕೊಬ್ಬರಿ ಗುಡುಗುಡು ಅನ್ನುತ್ತದೋ ನೀರು ಬುಳುಬುಳು ಅನ್ನುತ್ತದೋ ಎಂದು ಹೇಳಬಲ್ಲವರು. ಮಗನನ್ನೂ ಹಾಗೇ ಅಳೆದಿದ್ದರು. "ಅಟ್ಟಕ್ಕೆ ಹಾಕಿದ ಕಾಯಿ ಒಂದು ವರ್ಷಕ್ಕೆ ಕೊಬ್ಬರಿ ಆಯ್ತದೆ. ನಿನ್ನ ಯೂನಿವರ್ಸಿಟಿಗೆ ಹಾಕಿ ಎರಡು ವರ್ಷ ಆಯ್ತು, ಇನ್ನೂ ಬುಳುಬುಳು ಅಂತೀಯ. ಈ ಸಲ ಪಾಸಾಗ್ಲಿಲ್ವೋ, ಸೋಮವಾರದಿಂದ ಕಾಯಿ ಸುಲಿಯಕ್ಕೆ ಕೂತ್ಕೋ" ಎಂದಿದ್ದರು. ಕಾಯಿ ಸುಲಿಯುವುದೆಂದರೆ ನೆಲಕ್ಕೆ ನೆಟ್ಟ ಹಾರೆಯ ಚೂಪಿಗೆ ಕಾಯನ್ನು ಕುಕ್ಕುವುದು. ರೇವಣಸಿದ್ದಯ್ಯನಿಗೆ ಕನಸಿನಲ್ಲಿ ಆ ಚೂಪು ದಿನಾ ಬರುತ್ತಿತ್ತು.

ಈ ಸಲದ ಪರೀಕ್ಷೆ ಅವನ ಊರಿಗೇ ಬಂದಿತ್ತು. ವಿಭಾಗದ ನಾಟಕ ತಂಡ ಊರೂರು ಸುತ್ತುತ್ತ ಶನಿವಾರ ಸಂಜೆ ತಿಪಟೂರಿನಲ್ಲಿ ಆಡುವುದಿತ್ತು. ನಾಟಕದ ನಾಯಕ ಒಬ್ಬ ಬಡ ಮೇಷ್ಟ್ರು. ಮೇಷ್ಟ್ರ ಕೋಟು ರೇವಣಸಿದ್ದಯ್ಯನ ಜವಾಬ್ದಾರಿ. ಸಂಜೆ ನಾಲ್ಕಕ್ಕೆ ಮೇಡಂ ಕೋಟು ನೋಡಿ ಅಂಕ ಹಾಕುತ್ತಾರೆ, ಆರಕ್ಕೆ ನಾಟಕ.

ಇದಕ್ಕಾಗಿ ಅವನು ಮೂರು ವಾರ ಒದ್ದಾಡಿದ್ದ. ಹೊಸ ಕರಿ ಬಟ್ಟೆ ತಂದು ಹೊಲಿದ. ಟೀ ಡಿಕಾಕ್ಷನ್‌ನಲ್ಲಿ ನೆನೆಸಿದ. ಇಟ್ಟಿಗೆಯಲ್ಲಿ ಉಜ್ಜಿದ. ಮೊಣಕೈಗಳನ್ನು ಕರಟದಲ್ಲಿ ಕೆರೆದು ತೂತು ಮಾಡಿದ. ಜೇಬಿಗೆ ಕಲ್ಲು ತುಂಬಿ ಜೋಲಿಸಿದ. ಕೊರಳಪಟ್ಟಿಗೆ ಕೊಬ್ಬರಿ ಎಣ್ಣೆ, ಮಣ್ಣು ಬಳಿದು ಮೂವತ್ತು ವರ್ಷದ ಬೆವರು ತಯಾರಿಸಿದ. ಒಂದು ಗುಂಡಿ ಕಿತ್ತ. ಕೊನೆಗೆ ಹೊಗೆ ಹಿಡಿಯಲೆಂದು ಅಟ್ಟದಲ್ಲಿ ನೇತುಹಾಕಿದ. ಅದರ ಮುಂದೆ ನಿಂತರೆ ಯಾರಿಗಾದರೂ ಚಿಲ್ಲರೆ ಹಾಕಬೇಕು ಅನ್ನಿಸುತ್ತಿತ್ತು.

"ಯಾಕವ್ವ ಒಗೆದೆ?" ಅವನ ದನಿ ಅಳುವಿನ ಗಡಿ ದಾಟಿತ್ತು.

ಉತ್ತರ ಕೊಟ್ಟವರು ಹಿತ್ತಿಲ ಬೇಲಿಯಾಚೆ ನಿಂತಿದ್ದ ಪಕ್ಕದ ಮನೆಯ ದ್ರಾಕ್ಷಾಯಣಮ್ಮ. "ನಾನೇ ಹೇಳ್ದೆ ಕಣಪ್ಪ. ಮೊನ್ನೆ ನೀನು ಅದನ್ನ ಬಿಸ್ಲಿಗೆ ಹಾಕಿದ್ದು ನೋಡಿ ನಂಗೆ ಎದೆ ಧಸಕ್ ಅಂತು. ಏಕಾಂತಯ್ನೋರ ಮಗ ಇಂಥದ್ದು ಹಾಕ್ಕೊಂಡು ಓಡಾಡಿದ್ರೆ ನಾಳೆ ಯಾರಾದ್ರೂ ಹೆಣ್ಣು ಕೊಟ್ಟಾರಾ? ಶಿವರುದ್ರಕ್ಕನೂ ಪಾಪ, ನೆನ್ನೆ ಸಂಜೆನೇ ದುರ್ಗಯ್ಯನ ಅಂಗಡಿಗೆ ಕೊಟ್ಟು ಬಂದ್ರು. ತೂತು ಮುಚ್ಚಿ ಇಸ್ತ್ರಿ ಮಾಡ್ಕೊಡ್ತಾನೆ."

"ತೂತು ಮುಚ್ಚಿ" ಅನ್ನುವುದು ಕಿವಿಗೆ ಬೀಳುವಷ್ಟರಲ್ಲಿ ರೇವಣಸಿದ್ದಯ್ಯ ಬೀದಿಯ ಕೊನೆಯಲ್ಲಿದ್ದ.

ಟೈಲರ್ ದುರ್ಗಯ್ಯ ಮಳೆಗಾಲದಲ್ಲಿ ಛತ್ರಿ ರಿಪೇರಿ, ಉಳಿದ ಕಾಲದಲ್ಲಿ ಬಟ್ಟೆ ರಿಪೇರಿ ಮಾಡುವವನು. ಓದಿದ್ದು ನಾಲ್ಕನೇ ಕ್ಲಾಸು. ಹೊಲಿಗೆ ಕಲಿಯಲು ಯೂನಿವರ್ಸಿಟಿಗೆ ಹೋಗುವವರನ್ನು ಕಂಡರೆ ಅವನಿಗೆ ಆಗುತ್ತಿರಲಿಲ್ಲ. ಅಂಗಡಿಯ ಮುಂದೆ ಕೋಟು ನೇತಾಡುತ್ತಿತ್ತು. ಒಗೆದು ಬಣ್ಣ ಮಾಸಿ ಬೂದಿಗಪ್ಪಾಗಿತ್ತು. ಕರಟದ ಕೆಂಡದ ಇಸ್ತ್ರಿ ಪೆಟ್ಟಿಗೆ ಹರಿದಾಡಿ ಅಲ್ಲಲ್ಲಿ ಮಿರಮಿರ ಅನ್ನುತ್ತಿತ್ತು. ಎರಡು ಮೊಣಕೈಗೂ ನೀಟಾಗಿ ತೇಪೆ ಬಿದ್ದಿತ್ತು. ಮಧ್ಯೆ ಒಂದು ಗುಂಡಿ ಮಿಕ್ಕವುಗಳ ಜಾತಿಗೆ ಸೇರದೆ ಕಂದುಬಣ್ಣದಲ್ಲಿ ಕೂತಿತ್ತು.

"ಇದೇನ್ ದುರ್ಗಯ್ಯ, ಮೊಣಕೈಗೆ ಏನು ಹಾಕಿದ್ದೀಯ?"

"ಛತ್ರಿ ಬಟ್ಟೆ! ಇನ್ನು ಮಳೆ ಬಂದ್ರೂ ಮೊಣಕೈ ನೆನೆಯಲ್ಲ. ಗುಂಡಿ ನಮ್ಮಪ್ಪನ ಕೋಟಿಂದು, ದುಡ್ಡು ಬೇಡ ಬುಡಿ."

"ಬಿಚ್ಚು. ಎಲ್ಲಾ ಬಿಚ್ಚು. ತೂತು ಮೊದಲಿದ್ದ ಹಂಗೇ ಬೇಕು."

ದುರ್ಗಯ್ಯ ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡ. "ಏನ್ ರೇವಣಪ್ನೋರೆ, ಎರಡು ವರ್ಷದಿಂದ ಯೂನಿವರ್ಸಿಟೀಲಿ ಹರಿಯೋದು ಕಲಿಸ್ತಾವ್ರಾ? ಅದುಕ್ಕೆ ಅಷ್ಟು ದೂರ ಯಾಕೆ ಹೋದ್ರಿ? ನಮ್ಮನೇಲಿ ಇಲಿ ಅವೆ, ಪುಕ್ಸಟ್ಟೆ ಕಲಿಸೋವು."

ಕತ್ತರಿಗೆ ಕೈ ಹಾಕಿದ ರೇವಣಸಿದ್ದಯ್ಯನ ಕೈಮೇಲೆ ದುರ್ಗಯ್ಯ ಗಜದ ಕಡ್ಡಿಯಿಂದ ಒಂದು ಕೊಟ್ಟ. "ನಾನು ಹಾಕಿದ ತೇಪೆ ನಾನೇ ಬಿಚ್ಚಲ್ಲ. ನನ್ನ ಅಂಗ್ಡೀಲಿ ನಿಂತು ನೀವೂ ಬಿಚ್ಚಂಗಿಲ್ಲ. ಹೋಗ್ರಿ ಅತ್ಲಾಗೆ."

ಹತ್ತೂವರೆಗೆ ಅವನು ಕೋಟು ಹೊತ್ತುಕೊಂಡು ತಂದೆಯ ಕೊಬ್ಬರಿ ಮಂಡಿಯ ಹಿಂದಿನ ಅಂಗಳದಲ್ಲಿದ್ದ. ಅಲ್ಲಿ ಕಾಯಿ ಸುಲಿಯುತ್ತಿದ್ದವನು ಚಿಕ್ಕನಾಯಕನಹಳ್ಳಿ ಕಡೆಯ ಹಟ್ಟಿಯಿಂದ ಬಂದಿದ್ದ ಕಾಟಯ್ಯ. ಮೂವತ್ತು ವರ್ಷ ಕುರಿ ಕಾದು, ಆಮೇಲೆ ಮಂಡಿ ಸೇರಿದವನು. ವಿಷಯ ಕೇಳಿ ಅವನೊಬ್ಬನೇ ನಗಲಿಲ್ಲ.

"ಕಂಬಳಿ ಹಳೇದಾಗ್ಬೇಕು ಅಂದ್ರೆ ಕುರಿ ಹಿಂದೆ ತಿರುಗ್ಬೇಕು ಕಣಪ್ಪ. ನಿಂಗೆ ಸಂಜೆ ಒಳಗೆ ಆಗ್ಬೇಕು ಅಂತೀಯ. ಹಂಗಾರೆ ಕುರಿ ಕೆಲ್ಸಾನ ನಾವೇ ಮಾಡ್ಬೇಕು."

ಇಬ್ಬರೂ ಕೋಟನ್ನು ನೆಲಕ್ಕೆ ಹಾಸಿ ತುಳಿದರು. ಸುಲಿದ ಮಟ್ಟೆಯಿಂದ ಬಡಿದರು. ನಾರಿನ ಪುಡಿಯಲ್ಲಿ ಹೊರಳಾಡಿಸಿದರು. ಒಂದು ತೋಳು ಇವನು, ಒಂದು ತೋಳು ಅವನು ಹಿಡಿದು ಎಳೆದಾಡಿದರು. ಬ್ಲೇಡಿನ ತುದಿಯೂ ತೂರದಷ್ಟು ಒತ್ತಾಗಿದ್ದ ದುರ್ಗಯ್ಯನ ಹೊಲಿಗೆ ಒಂದು ಎಳೆಯೂ ಬಿಡಲಿಲ್ಲ. ರೇವಣಸಿದ್ದಯ್ಯನಿಗೆ ಅದರ ಮೇಲೆ ಸಿಟ್ಟು ಬಂದು, "ಹರಿಯೇ! ಹರಿಯೇ ಮುಂಡೇದೆ!" ಎಂದು ಕೂಗುತ್ತ ಮಟ್ಟೆಯಲ್ಲಿ ಚಚ್ಚತೊಡಗಿದ.

ಬೇಲಿಯ ಬಳಿ ಜನ ನಿಂತರು.

"ಏನಾಯ್ತ್ಲಾ ಅವನಿಗೆ?"

"ಓದು ಜಾಸ್ತಿ ಆಯ್ತಂತೆ."

"ಕೋಟಿಗೆ ಹೊಡೀತಾವ್ನೆ?"

"ಕೋಟಿನೊಳಗೆ ಯಾರೋ ಕಾಣಿಸ್ತಾ ಇರ್ಬೇಕು."

ಈ ಮಾತು ಬೀದಿಯಿಂದ ಬೀದಿಗೆ ಸೈಕಲ್ಲಿಗಿಂತ ಜೋರಾಗಿ ಹೋಗಿರಬೇಕು. ಕಾಲು ಗಂಟೆಯೊಳಗೆ ದ್ರಾಕ್ಷಾಯಣಮ್ಮ ಒಂದು ಕೈಯಲ್ಲಿ ಉಪ್ಪು ಮೆಣಸಿನಕಾಯಿ, ಇನ್ನೊಂದು ಕೈಯಲ್ಲಿ ಶಿವರುದ್ರಮ್ಮನನ್ನು ಹಿಡಿದುಕೊಂಡು ಬಂದರು. ತಾಯಿ ಅಳುತ್ತ ದೃಷ್ಟಿ ತೆಗೆದರು. ಆ ಹೊತ್ತಿಗೆ ದ್ರಾಕ್ಷಾಯಣಮ್ಮ ನೆಲದಲ್ಲಿ ಬಿದ್ದಿದ್ದ ಕೋಟನ್ನು ಎತ್ತಿ ಪಟಪಟ ಒದರಿ, ಒದ್ದೆ ಸೆರಗಿನಿಂದ ಒರೆಸಿ, ಮಡಿಸಿ ಅವನ ಕೈಗಿತ್ತರು. "ತಗೋ ಕಣಪ್ಪ. ಒಂಚೂರೂ ಧೂಳಿಲ್ಲ ನೋಡು."

ಒಂಚೂರೂ ಇರಲಿಲ್ಲ. ಗಡಿಯಾರ ಹನ್ನೆರಡೂವರೆ ತೋರಿಸುತ್ತಿತ್ತು.

ದೇವರು ಕಷ್ಟಕಾಲದಲ್ಲಿ ಬರುವುದು ಯಾವ ವೇಷದಲ್ಲೆಂದು ಹೇಳಲಾಗದು. ಆವತ್ತು ಕೊರಳಪಟ್ಟಿ ಹರಿದ ಕರಿ ಕೋಟಿನಲ್ಲಿ, ಮಂಡಿಯ ಮುಂದಿನ ರಸ್ತೆಯಲ್ಲಿ ಹೋಗುತ್ತಿದ್ದ.

ಗಂಗಾಧರಯ್ಯ ಮೇಷ್ಟ್ರು! ರೇವಣಸಿದ್ದಯ್ಯನಿಗೆ ಐದನೇ ಕ್ಲಾಸಿನಲ್ಲಿ ಮಗ್ಗಿ ಕಲಿಸಿದವರು. ಮೂವತ್ತು ವರ್ಷ ಅದೇ ಕೋಟಿನಲ್ಲಿ ಪಾಠ ಮಾಡಿ, ರಿಟೈರಾದ ಮೇಲೂ ಅದರಿಂದ ರಿಟೈರಾಗದೆ ಉಳಿದವರು. ಮದುವೆಯಾಗಿರಲಿಲ್ಲ. ಸೂಜಿ ಹಿಡಿದರೆ ಕೈ ನಡುಗುತ್ತಿತ್ತು. ಹಾಗಾಗಿ ಕೋಟು ಹರಿದಲ್ಲಿ ಹರಿದಂತೆಯೇ ಇತ್ತು. ಎಡಗೈಯಲ್ಲಿ ಬರೆಯುತ್ತಿದ್ದುದರಿಂದ ಎಡತೋಳಿನ ತುದಿಗೆ ಸೀಮೆಸುಣ್ಣ ಶಾಶ್ವತವಾಗಿ ಹತ್ತಿಕೊಂಡಿತ್ತು. ಶಾಲೆಯ ಮಕ್ಕಳ ಮನೆಯವರು ದಿನಕ್ಕೊಂದು ಕಾಯಿ ಕೊಡುತ್ತಿದ್ದರು. ಅದನ್ನು ಚಟ್ನಿಗೆಂದು ಎಡಜೇಬಿನಲ್ಲಿಟ್ಟುಕೊಂಡು ಮನೆಗೆ ಹೋಗಿ ಹೋಗಿ, ಖಾಲಿಯಿದ್ದಾಗಲೂ ಆ ಜೇಬು ಕಾಯಿ ನುಂಗಿದಂತೆ ಗುಂಡಗೆ ಜೋಲುತ್ತಿತ್ತು.

ಹಳೆಯದು ಮಾಡುವುದೇಕೆ, ಹಳೆಯದೇ ಇಲ್ಲಿ ನಡೆದು ಹೋಗುತ್ತಿರುವಾಗ!

"ಸಾ! ಸಾ! ನಿಮ್ಮ ಕೋಟು ನಂಗೆ ಕೊಡಿ, ನನ್ನ ಕೋಟು ನೀವು ಇಟ್ಕೊಳಿ!" ಎಂದು ಅವರ ಮನೆಯ ಬಾಗಿಲವರೆಗೂ ಬೆನ್ನುಹತ್ತಿ, ಒಂದೇ ಉಸಿರಿಗೆ ಕೇಳಿಕೊಂಡ. ನಾಟಕಕ್ಕೆ ಬೇಕು, ಯಾರಿಗೂ ಹೇಳಬಾರದು ಎಂದ.

ಮೇಷ್ಟ್ರು ತೇಪೆ ಹಾಕಿದ ಕೋಟನ್ನು ಬೆಳಕಿಗೆ ಹಿಡಿದು ನೋಡಿದರು. ಮುಖ ಅರಳಿತು. ಆದರೆ ತಕ್ಷಣ ಒಪ್ಪಲಿಲ್ಲ. "ಕೊಡ್ತೀನಿ. ಯಾರಿಗೂ ಹೇಳಲ್ಲ. ಆದ್ರೆ ಒಂದು ಕರಾರು. ಐದನೇ ಕ್ಲಾಸ್ನಲ್ಲಿ ನಾನು ಬೋರ್ಡಿನ ಕಡೆ ತಿರುಗಿದ ಕೂಡ್ಲೆ ನನ್ನ ದನಿ ಮಾಡಿ ಎಲ್ರನ್ನೂ ನಗಿಸ್ತಿದ್ದೆ. ನಾನು ಒಂದು ಸಲಾನೂ ಪೂರ್ತಿ ಕೇಳಿಲ್ಲ, ಮಧ್ಯದಲ್ಲೇ ಹೊಡೆದುಬಿಡ್ತಿದ್ದೆ. ಇವತ್ತು ಪೂರ್ತಿ ಮಾಡು."

"ಸಾ, ಗಂಟೆ ಎರಡಾಯ್ತು..."

"ಮಾಡು ಅಂದ್ನಲ್ಲ."

ರೇವಣಸಿದ್ದಯ್ಯ ಬೆವರುತ್ತ ಮೂಗಿನೊಳಗೆ ಪೀಪಿ ಊದಿದಂಥ ದನಿ ತೆಗೆದ: "ಏನಪ್ಪಾಆಆ... ಹದಿನೇಳೆಂಟ್ಲಿ ಎಷ್ಟೂಊಊ? ಗೊತ್ತಿಲ್ವಾಆಆ? ಹತ್ತಪ್ಪಾ ಹತ್ತು! ಬೆಂಚು ನಿಂಗೋಸ್ಕರಾನೇ ಕಾದು ಕೂತದೇಏಏ!"

ಮೇಷ್ಟ್ರು ಗಂಭೀರವಾಗಿ ಕೇಳಿದರು. "ಚೆನ್ನಾಗದೆ. ಆದ್ರೆ ನಾನು 'ಕೂತದೆ' ಅಷ್ಟು ಎಳೆಯಲ್ಲ. ಹಿಂಗೆ ಕಣೋ: ಕಾದು ಕೂತದೇಏಏಏಏ!"

"ಹಂಗೇ ಸಾ."

"ಇನ್ನೊಂದ್ಸಲ ಮಾಡು. ಹದಿನಾರರ ಮಗ್ಗಿನೂ ಸೇರಿಸು."

ಮಗ್ಗಿ ಮುಗಿದು ಕೋಟು ಕೈಗೆ ಬರುವಾಗ ಮೂರೂಮುಕ್ಕಾಲು. ರೇವಣಸಿದ್ದಯ್ಯ ಅದನ್ನು ಕೂಸಿನಂತೆ ಎದೆಗವಚಿಕೊಂಡು ಓಡಿದ.

ನಾಟಕದ ಹಾಲಿನ ಹಿಂದಿನ ಕೋಣೆಯಲ್ಲಿ ಗಿರಿಜಾಂಬಿಕಾ ಮೇಡಂ ಕಿಟಕಿಯ ಪಕ್ಕ ಮೇಜು ಹಾಕಿಕೊಂಡು ಕೂತಿದ್ದರು. ಕೈಯಲ್ಲಿ ಭೂತಗನ್ನಡಿ, ಕಿವಿಯ ಮೇಲೆ ಕೆಂಪು ಪೆನ್ಸಿಲು. ಕೋಟನ್ನು ಮೇಜಿನ ಮೇಲೆ ಹರವಿ, ಪೊಲೀಸರು ಹೆಣ ನೋಡುವಂತೆ ಸುತ್ತಲೂ ಬಂದರು. ರೇವಣಸಿದ್ದಯ್ಯನಿಗೆ ತನ್ನ ಎದೆಬಡಿತವೇ ಕಾಯಿ ಅಲ್ಲಾಡಿಸಿದಂತೆ ಕೇಳುತ್ತಿತ್ತು.

"ಇದು ಎಡತೋಳಿಗೆ ಯಾಕೆ ಸೀಮೆಸುಣ್ಣ?"

"ಮೇಷ್ಟ್ರು... ಎಡಗೈ ಮೇಡಂ."

"ನಾಟಕದಲ್ಲಿ ಎಲ್ಲಾದರೂ ಹಾಗಿದೆಯಾ? ನಿಮಗೆ ಗಮನವಿಲ್ಲ. ಬಲ ಯಾವುದು ಎಡ ಯಾವುದು ನೋಡದೆ ಬಳಿದಿದ್ದೀರ. ಇದೇನಿದು, ಜೇಬು?"

"ಜೋತುಬಿದ್ದಿದೆ ಮೇಡಂ."

"ಅದು ಕಾಣುತ್ತೆ. ಜೋತುಬಿದ್ದರೆ ಉದ್ದಕ್ಕೆ ಬೀಳಬೇಕು. ಇದು ಗುಂಡಗಿದೆ! ಬಡ ಮೇಷ್ಟ್ರು ಜೇಬಿನಲ್ಲಿ ತೆಂಗಿನಕಾಯಿ ಇಟ್ಟುಕೊಂಡು ಓಡಾಡ್ತಾರೇನ್ರೀ?"

ಹೌದು ಎನ್ನಲು ಬಾಯಿ ತೆರೆದವನು ಹಾಗೇ ಮುಚ್ಚಿಕೊಂಡ.

"ಎಲ್ಲಾ ಅತಿ. ಹೋದ ವರ್ಷ ಕೊಳೆಯೇ ಇಲ್ಲ ಅಂದೆ ಅಂತ ಈ ವರ್ಷ ಕೊಳೆಯನ್ನೇ ಹೊಲಿದುಕೊಂಡು ಬಂದಿದ್ದೀರ. ನಿಜವಾದ ಕೋಟು ಹೀಗೆ ಹಳೆಯದಾಗೋದಿಲ್ಲ." ಪೆನ್ಸಿಲು ಕಿವಿಯಿಂದ ಇಳಿಯಿತು. ಇಪ್ಪತ್ತೆಂಟು.

ರೇವಣಸಿದ್ದಯ್ಯನಿಗೆ ನೆಲಕ್ಕೆ ನೆಟ್ಟ ಹಾರೆ ಕಣ್ಣೆದುರು ಎದ್ದು ನಿಂತಿತು. ಅಷ್ಟರಲ್ಲಿ ಕಿಟಕಿಯಾಚೆ ನೋಡಿದ ಮೇಡಂ, "ಅಯ್ಯೋ!" ಎಂದರು.

ಹೊರಗೆ ಟೀ ಅಂಗಡಿಯ ಮುಂದೆ, ಹೊಸ ಕೋಟು ಸಿಕ್ಕ ಖುಷಿಗೆ ಎರಡು ಗಂಟೆ ಮುಂಚೆಯೇ ನಾಟಕಕ್ಕೆ ಬಂದಿದ್ದ ಗಂಗಾಧರಯ್ಯ ಮೇಷ್ಟ್ರು ಎದೆ ಸೆಟೆಸಿ ನಿಂತಿದ್ದರು.

"ನೋಡ್ರೀ ಅಲ್ಲಿ! ಇದು ಕೋಟು! ಮೊಣಕೈ ನೋಡಿ. ಛತ್ರಿ ಬಟ್ಟೆ ತೇಪೆ! ಮಧ್ಯದ ಗುಂಡಿ ಬೇರೆ. ಒಗೆದು ಒಗೆದು ಬಣ್ಣ ಹೋಗಿದೆ, ಆದರೂ ಇಸ್ತ್ರಿ ಹಾಕಿದ್ದಾರೆ. ಬಡವರ ಮನೆ ಬಟ್ಟೆ ಹರಿದಿರೋದಿಲ್ಲ ರೇವಣಸಿದ್ದಯ್ಯ, ಹೊಲಿದಿರುತ್ತೆ. ಯಾರೋ ತಾಯಿ ಕೂತು ಅದರ ಮಾನ ಕಾಪಾಡಿರ್ತಾಳೆ. ಇದನ್ನ ಯಾವ ವಿದ್ಯಾರ್ಥಿಯೂ ಮಾಡೋಕಾಗಲ್ಲ. ಕರೀರಿ ಅವರನ್ನ!"

ರೇವಣಸಿದ್ದಯ್ಯ ಮನಸ್ಸಿನಲ್ಲೇ ಲೆಕ್ಕ ಹಾಕಿದ. ಮೇಡಂ, ಅದು ನಂದು ಎನ್ನಬಹುದು. ಎಂದರೆ, ಹಾಗಾದರೆ ಈ ಮೇಜಿನ ಮೇಲಿರುವುದು ಯಾರದ್ದು ಎಂದು ಕೇಳುತ್ತಾರೆ. ಬೇರೆಯವರ ಕೋಟು ತಂದು ತನ್ನದೆಂದವನಿಗೆ ಇಪ್ಪತ್ತೆಂಟೂ ಇಲ್ಲ, ಮುಂದಿನ ವರ್ಷವೂ ಇಲ್ಲ.

ಒಂದೇ ಆಸೆಯಿತ್ತು. ಮೇಷ್ಟ್ರು ತಾವಾಗಿಯೇ ನಿಜ ಹೇಳಬಹುದು, ಮೇಡಂ ನಗಬಹುದು, ಕ್ಷಮಿಸಬಹುದು.

ಒಳಗೆ ಬಂದ ಮೇಷ್ಟ್ರನ್ನು ಮೇಡಂ ಕೈಮುಗಿದು ಕೇಳಿದರು. "ಯಜಮಾನರೇ, ಈ ಕೋಟು ಎಷ್ಟು ವರ್ಷದ್ದು?"

ಮೇಷ್ಟ್ರು ಶಿಷ್ಯನ ಕಡೆ ನೋಡಿದರು. ಯಾರಿಗೂ ಹೇಳುವುದಿಲ್ಲವೆಂದು ಮಾತು ಕೊಟ್ಟಿದ್ದರು. ಕೊಟ್ಟ ಮಾತಿಗೆ ತಪ್ಪುವವರಲ್ಲ. ಒಂದು ಕಣ್ಣು ಮಿಟುಕಿಸಿ, "ಮೂವತ್ತು ವರ್ಷದ್ದು ತಾಯಿ" ಎಂದರು.

"ಕೇಳಿದ್ರಾ? ಮೂವತ್ತು ವರ್ಷ! ನಾನು ಕಂಡಕೂಡಲೇ ಅಂದುಕೊಂಡೆ." ಮೇಡಂ ತೋಳನ್ನು ಸವರಿ ನೋಡಿದರು. "ಇವತ್ತಿನ ನಾಟಕಕ್ಕೆ ಇದನ್ನ ಕೊಡ್ತೀರಾ? ಅಲ್ಲಿವರೆಗೂ ನೀವು ಬರೀ ಷರ್ಟಿನಲ್ಲಿ ಇರಬೇಡಿ. ಈ ಹುಡುಗ ಮಾಡಿರೋದು ಹಾಕ್ಕೊಳ್ಳಿ. ನೋಡೋಕೆ ಚೆನ್ನಾಗಿಲ್ಲ, ಸ್ವಲ್ಪ ಸಹಿಸ್ಕೊಳ್ಳಿ."

ಮೇಷ್ಟ್ರು ತಮ್ಮದೇ ಕೋಟನ್ನು ತೊಟ್ಟುಕೊಂಡರು. ಅದು ಚರ್ಮದಂತೆ ಕೂತಿತು. ಅಭ್ಯಾಸಬಲದಿಂದ ಕೈಚೀಲದಲ್ಲಿದ್ದ ಕಾಯನ್ನು ತೆಗೆದು ಎಡಜೇಬಿಗೆ ಇಳಿಬಿಟ್ಟರು. ಒಳ್ಳೆ ಗೂಡಿಗೆ ಹಕ್ಕಿ ಹೋದಂತೆ ಹೋಯಿತು.

ಮೇಡಂ ಭೂತಗನ್ನಡಿ ಕೆಳಗಿಟ್ಟರು. "ಅರೆ! ಎಷ್ಟು ಸರಿಯಾಗಿ ಹಿಡೀತು! ಇರಲಿ, ಆ ಜೇಬಿನಲ್ಲಿ ಏನೋ ಯೋಚನೆ ಇದೆ. ಅದಕ್ಕೊಂದು ಐದು ಅಂಕ ಕೊಡ್ತೀನಿ." ಇಪ್ಪತ್ತೆಂಟನ್ನು ಹೊಡೆದು ಮೂವತ್ತಮೂರು ಎಂದು ಬರೆದರು.

ಎರಡು ಕಡಿಮೆ.

"ಬೇಜಾರು ಮಾಡ್ಕೋಬೇಡಿ ರೇವಣಸಿದ್ದಯ್ಯ" ಎಂದು ಮೇಡಂ, ಮೇಷ್ಟ್ರು ಕಳಚಿಕೊಟ್ಟ ಕೋಟನ್ನು ಜೋಪಾನವಾಗಿ ಅವನ ತೋಳಿನ ಮೇಲೆ ಹಾಕಿದರು. "ನಾಟಕ ಆದಮೇಲೆ ಯಜಮಾನರನ್ನ ಕೇಳಿ ಇದನ್ನ ಸ್ವಲ್ಪ ದಿನ ಇಟ್ಕೊಳ್ಳಿ. ಒಂದೊಂದು ಹೊಲಿಗೆನೂ ನೋಡಿ ಕಲೀರಿ. ಮುಂದಿನ ವರ್ಷ ಇಂಥದ್ದೇ ಒಂದು ಮಾಡಿ ತಂದರೆ, ನಾನು ಕಣ್ಣುಮುಚ್ಚಿ ಫಸ್ಟ್ ಕ್ಲಾಸ್ ಕೊಡ್ತೀನಿ."

ಬಾಗಿಲ ಬಳಿ ಆಗಲೇ ಸದ್ದು. ನಾಟಕ ನೋಡಲು ಬಂದಿದ್ದ ದ್ರಾಕ್ಷಾಯಣಮ್ಮ ಒಳಗೆ ಇಣುಕಿ ಪಕ್ಕಕ್ಕೆ ತಿರುಗಿ ಹೇಳುತ್ತಿದ್ದರು: "ಬಾ ಶಿವರುದ್ರಕ್ಕ, ನೋಡು. ನಿನ್ನ ಮಗನ ಕೈಗೆ ಅವರ ಟೀಚರೇ ಕೋಟು ಕೊಡ್ತಾವ್ರೆ. ಒಗಿ ಒಗಿ ಅಂತ ನಾನು ಅಂದಿದ್ದು ಸುಮ್ನೆ ಅಲ್ಲ."

ರೇವಣಸಿದ್ದಯ್ಯನ ಹೊಟ್ಟೆಯೊಳಗೆ ಏನೋ ಗುಡುಗುಡು ಅಂದಿತು. ಮೊದಲು ಭುಜ ಕುಣಿಯಿತು, ಆಮೇಲೆ ಇಡೀ ಮೈ. ಕೋಟನ್ನು ಮುಖಕ್ಕೆ ಒತ್ತಿಕೊಂಡರೂ ನಗು ನಿಲ್ಲಲಿಲ್ಲ. ಅವನು ನಗುವುದನ್ನು ಕಂಡು ಮೇಷ್ಟ್ರು ನಕ್ಕರು, ಏಕೆಂದು ತಿಳಿಯದೆ ದ್ರಾಕ್ಷಾಯಣಮ್ಮನೂ ನಕ್ಕರು. ಮೇಡಂ ಮಾತ್ರ ಗಾಬರಿಯಿಂದ ಎದ್ದು ನಿಂತರು. "ಯಾಕ್ರೀ? ಫೇಲಾಗಿದ್ದೀರ. ನಗುವಂಥದ್ದು ಏನಾಯ್ತು?"

ರೇವಣಸಿದ್ದಯ್ಯ ಗೋಡೆಯ ಪಕ್ಕದಲ್ಲಿದ್ದ ಬೆಂಚನ್ನು ಎಳೆದು, ಯಾರೂ ಹೇಳದೆ ತಾನೇ ಹತ್ತಿ ನಿಂತು, ಮೂಗಿನೊಳಗಿನ ಪೀಪಿ ದನಿಯಲ್ಲಿ, "ಕಾದು ಕೂತಿತ್ತೂಊಊ!" ಎಂದು ಕೂಗಿ, ಹೊರಗೆ ಟಿಕೆಟಿಗೆ ನಿಂತಿದ್ದವರೆಲ್ಲ ತಿರುಗಿ ನೋಡುವಂತೆ ಎಲ್ಲರಿಗಿಂತ ಜೋರಾಗಿ ನಕ್ಕ.